ಒಂಬತ್ತು ತಿಂಗಳು ಓಡಿದ ಐದು ದಿನದ ಚೀಟಿ: ಪ್ರೆಸ್ ಆಪರೇಟರ್ ಒಬ್ಬರ ಟ್ರಮಡಾಲ್ ಪ್ರಕರಣ

ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪೊಂದರಲ್ಲಿ ಪವರ್ ಪ್ರೆಸ್‌ಗೆ ಬೆರಳು ಸಿಕ್ಕಿಸಿಕೊಂಡು, ಟ್ರಮಡಾಲ್ ಎಂಬ ಅಫೀಮು ವರ್ಗದ (ಓಪಿಯಾಯ್ಡ್) ನೋವು ನಿವಾರಕಕ್ಕೆ ಅಂಟಿಕೊಂಡ ಕಾರ್ಮಿಕರೊಬ್ಬರ ಪ್ರಕರಣ ಇದು. ಗುರುತು ಸಿಗದಂತೆ ವಯಸ್ಸು, ಊರು, ಮನೆಯ ವಿವರಗಳನ್ನು ಬದಲಿಸಲಾಗಿದೆ. ಆಸ್ಪತ್ರೆ, ಕ್ಲಿನಿಕ್, ಔಷಧಿ ಅಂಗಡಿಗಳ ಹೆಸರು ಬೇಕೆಂದೇ ಕೊಟ್ಟಿಲ್ಲ. ಗಾಯಗೊಂಡ ಕಾರ್ಮಿಕರನ್ನು ನೋಡುವ ವೈದ್ಯರು, ನರ್ಸ್‌ಗಳು, ಫಿಸಿಯೋಥೆರಪಿಸ್ಟ್‌ಗಳು, ಫಾರ್ಮಸಿಸ್ಟ್‌ಗಳು, ಕಾರ್ಖಾನೆಯ ಸುರಕ್ಷತಾ ಅಧಿಕಾರಿಗಳಿಗಾಗಿ ಇದನ್ನು ಬರೆಯಲಾಗಿದೆ. ಇಲ್ಲಿರುವ ಡೋಸ್‌ಗಳು ಈ ಒಬ್ಬರಿಗೆ, ವೈದ್ಯರ ನಿಗಾದಲ್ಲಿ ಕೊಟ್ಟವು. ಟ್ರಮಡಾಲ್ ತೆಗೆದುಕೊಳ್ಳುತ್ತಿರುವ ಯಾರೂ ಇದನ್ನು ಓದಿ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಇಳಿಸಲೂಬಾರದು.

ಹಿನ್ನೆಲೆ

ಆಪರೇಟರ್‌ಗೆ 34 ವರ್ಷ. ಗದಗ ಜಿಲ್ಲೆಯ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆ ಮನೆ, ಹೆಂಡತಿ, ಇಬ್ಬರು ಮಕ್ಕಳು. ಕಾಂಟ್ರಾಕ್ಟರ್ ಮೂಲಕ ಕೆಲಸ. ಸಂಬಳ ಇಎಸ್‌ಐ ಮಿತಿಯಾದ ತಿಂಗಳಿಗೆ 21,000 ರೂಪಾಯಿಯ ಒಳಗೇ ಇದ್ದುದರಿಂದ ಇಎಸ್‌ಐ ನೋಂದಣಿ ಇತ್ತು. ಮನೆ ನಡೆಯುತ್ತಿದ್ದದ್ದು ಮಾತ್ರ ಓಟಿ ದುಡ್ಡಿನಿಂದ.

ದೀಪಾವಳಿಯ ಹಿಂದಿನ ವಾರ, ಆರ್ಡರ್ ಒತ್ತಡ. ಎರಡು ಕೈಯಲ್ಲೂ ಬಟನ್ ಒತ್ತಿದರೆ ಮಾತ್ರ ಇಳಿಯಬೇಕಾದ ಪ್ರೆಸ್‌ನಲ್ಲಿ ಒಂದು ಬಟನ್ ಬೈಪಾಸ್ ಮಾಡಿ ಪೆಡಲ್ ಹಾಕಲಾಗಿತ್ತು. ಡೈನಲ್ಲಿ ಸಿಕ್ಕಿಕೊಂಡ ಸ್ಕ್ರ್ಯಾಪನ್ನು ಎಡಗೈಯಿಂದ ಎಳೆಯುವಾಗ ಕಾಲು ಪೆಡಲ್ ಮೇಲೆ ಬಿತ್ತು. ಎಡಗೈಯ ತೋರುಬೆರಳು ಮತ್ತು ನಡುಬೆರಳಿನ ತುದಿಯ ಗೆಣ್ಣುಗಳು ಜಜ್ಜಿಹೋದವು. ಅದೇ ರಾತ್ರಿ ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಎರಡೂ ಗೆಣ್ಣು ತೆಗೆದು ಮೊಂಡುಗಳನ್ನು ಚರ್ಮದಿಂದ ಮುಚ್ಚಲಾಯಿತು. ಆ ಶಸ್ತ್ರಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ. 12ನೇ ದಿನ ಹೊಲಿಗೆ ಬಿಚ್ಚಿದಾಗ ಗಾಯ ಒಣಗಿತ್ತು.

ಡಿಸ್ಚಾರ್ಜ್ ಚೀಟಿಯಲ್ಲಿ ಆಂಟಿಬಯೋಟಿಕ್, ಗ್ಯಾಸ್ಟ್ರಿಕ್ ಮಾತ್ರೆಗಳ ಕೆಳಗೆ ಟ್ರಮಡಾಲ್ 50 ಮಿ.ಗ್ರಾಂ. ಕ್ಯಾಪ್ಸೂಲ್, ದಿನಕ್ಕೆ ಮೂರು, 5 ದಿನ ಎಂದಿತ್ತು. ಮುಂದಿನ ಸಾಲಿನಲ್ಲಿ ‘ನೋವಿದ್ದರೆ ಮುಂದುವರಿಸಿ’ ಎಂಬ ಎರಡು ಪದ. ಒಟ್ಟು ಎಷ್ಟು ಕ್ಯಾಪ್ಸೂಲ್ ಎಂಬ ಸಂಖ್ಯೆ ಎಲ್ಲೂ ಇರಲಿಲ್ಲ. ಐದು ದಿನದ ಚೀಟಿ ಒಂಬತ್ತು ತಿಂಗಳು ಓಡಿದ್ದು ಆ ಎರಡು ಪದಗಳ ಬಲದ ಮೇಲೆ.

ಆರನೇ ವಾರ ಯಾರೂ ನೋಡಲಿಲ್ಲ

ಗಾಯಗೊಂಡ ಕಾರ್ಮಿಕರಿಗೆ ಅಫೀಮು ವರ್ಗದ ನೋವು ನಿವಾರಕ ಬರೆಯುವ ಬಗ್ಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾರ್ಮಿಕ ಇಲಾಖೆ 2013ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ಕಾಲವನ್ನು ಮೂರು ಭಾಗ ಮಾಡುತ್ತದೆ: ಮೊದಲ 6 ವಾರ, 6ರಿಂದ 12 ವಾರ, 12 ವಾರದ ಆಚೆ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ನೋವು ಕಡಿಮೆಯಾಗಿದೆಯೇ ಎಂದು ಕೇಳಿದರಷ್ಟೇ ಸಾಲದು, ಆ ಮನುಷ್ಯ ಮಾಡಬಲ್ಲ ಕೆಲಸ ಎಷ್ಟು ಹೆಚ್ಚಿದೆ ಎಂದು ಅಳೆಯಬೇಕು. ಕನಿಷ್ಠ ಶೇ 30ರಷ್ಟು ಸುಧಾರಣೆ ಕಾಣದಿದ್ದರೆ ಮದ್ದು ಮುಂದುವರಿಸುವುದಕ್ಕೆ ಆಧಾರವಿಲ್ಲ. ಇದರ ಹಿಂದೆ ಅದೇ ರಾಜ್ಯದ ಅನುಭವ ಇದೆ. ಸೊಂಟಕ್ಕೆ ಪೆಟ್ಟಾದ ಕಾರ್ಮಿಕರಲ್ಲಿ ಮೊದಲ ಆರು ವಾರದೊಳಗೆ ಏಳು ದಿನಕ್ಕಿಂತ ಹೆಚ್ಚು ಈ ಮದ್ದು ಪಡೆದವರು ಒಂದು ವರ್ಷದ ನಂತರವೂ ಕೆಲಸಕ್ಕೆ ಮರಳದೇ ಇರುವ ಸಂಭವ ಹೆಚ್ಚು ಎಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ನಮ್ಮ ಆಪರೇಟರ್ 16ನೇ ದಿನವೇ ಕೆಲಸಕ್ಕೆ ಮರಳಿದ್ದರು. ಮೇಲ್ನೋಟಕ್ಕೆ ಒಳ್ಳೆಯ ಫಲಿತಾಂಶ. ಇಎಸ್‌ಐನಲ್ಲಿ ಕೆಲಸದ ಗಾಯಕ್ಕೆ ತಾತ್ಕಾಲಿಕ ಅಶಕ್ತತೆಯ ಭತ್ಯೆ ಸಂಬಳದ ಶೇ 90ರಷ್ಟು ಸಿಗುತ್ತದೆ, ಗುಣವಾಗುವವರೆಗೂ ಸಿಗುತ್ತದೆ. ಆದರೆ ಕಾಂಟ್ರಾಕ್ಟರ್ ಅಪಘಾತ ವರದಿ ಕಳಿಸಲು ತಡಮಾಡಿದ. ಭತ್ಯೆ ಬರುವುದೋ ಇಲ್ಲವೋ ಗೊತ್ತಿರಲಿಲ್ಲ, ಬಾಡಿಗೆ ಕಾಯುವುದಿಲ್ಲ. ಬೆಳಗ್ಗೆ ಎರಡು, ಮಧ್ಯಾಹ್ನ ಎರಡು ಕ್ಯಾಪ್ಸೂಲ್ ನುಂಗಿದರೆ ಶಿಫ್ಟ್ ಮುಗಿಯುತ್ತಿತ್ತು. ‘ಗುಳಿಗಿ ತಗೊಂಡ್ರ ಅಷ್ಟ ಕೈ ಆಡತೈತ್ರಿ ಸರ’ ಎಂದು ಮುಂದೆ ಅವರು ಹೇಳಿದ ಮಾತಿನಲ್ಲಿ ಇಡೀ ಪ್ರಕರಣ ಅಡಗಿದೆ. ಮಾತ್ರೆ ಗಾಯ ವಾಸಿಮಾಡುತ್ತಿರಲಿಲ್ಲ, ಶಿಫ್ಟ್ ಕೊಂಡುಕೊಡುತ್ತಿತ್ತು.

ಐದನೇ ವಾರದ ಹೊತ್ತಿಗೆ ನೋವಿನ ಜಾತಿಯೇ ಬದಲಾಯಿತು. ಮೊದಲು ಜಜ್ಜಿದ ನೋವು. ಆಮೇಲೆ ಬಂದದ್ದು ಕರೆಂಟ್ ಹೊಡೆದಂಥದ್ದು. ತಣ್ಣೀರು ತಾಗಿದರೆ, ಅಂಗಿಯ ಗುಂಡಿ ತಾಗಿದರೆ, ತೋರುಬೆರಳಿನ ಮೊಂಡಿನಿಂದ ಮೊಣಕೈವರೆಗೆ ಚುಳುಕ್ ಎನ್ನುತ್ತಿತ್ತು. ಇದು ನರದ ನೋವು. ಆರನೇ ವಾರ ಯಾರಾದರೂ ಆ ಬೆರಳನ್ನು ಮುಟ್ಟಿ ನೋಡಿದ್ದರೆ ಮದ್ದು ಬದಲಾಗುತ್ತಿತ್ತು. ಹೊರರೋಗಿ ವಿಭಾಗ ಭಾನುವಾರ ಮುಚ್ಚಿರುತ್ತದೆ, ಅವರಿಗೆ ರಜೆ ಭಾನುವಾರ ಮಾತ್ರ. ಹಾಗಾಗಿ ಒಂಬತ್ತು ತಿಂಗಳಲ್ಲಿ ಅವರನ್ನು ನಿಯಮಿತವಾಗಿ ನೋಡಿದ್ದು ಮೆಡಿಕಲ್ ಸ್ಟೋರ್‌ನ ಕೌಂಟರ್ ಒಂದೇ.

ಕೌಂಟರ್‌ನಲ್ಲಿ ಏನಾಯಿತು? ಟ್ರಮಡಾಲ್ ಶೆಡ್ಯೂಲ್ ಎಚ್1ರ ಮದ್ದು. ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಿದರೆ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಮದ್ದು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರ ಏಪ್ರಿಲ್‌ನಿಂದ ಅದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಅಡಿಯೂ ಬಂದಿದೆ. ಮೊದಲ ಅಂಗಡಿಯವರು ಎರಡು ತಿಂಗಳು ಕೊಟ್ಟು, ಹೊಸ ಚೀಟಿ ತನ್ನಿ ಎಂದರು. ಸರಿಯಾಗಿಯೇ ಮಾಡಿದರು. ಆಪರೇಟರ್ ಅದೇ ಹಳೆಯ ಚೀಟಿ ಹಿಡಿದು ಎರಡನೇ ಅಂಗಡಿಗೆ, ಅಲ್ಲಿಂದ ಮೂರನೆಯದಕ್ಕೆ ಹೋದರು. ಒಂದು ಅಂಗಡಿಯ ಪುಸ್ತಕ ಇನ್ನೊಂದು ಅಂಗಡಿಗೆ ಕಾಣುವುದಿಲ್ಲ. ಕೊಟ್ಟ ಕ್ಯಾಪ್ಸೂಲಿನ ಸಂಖ್ಯೆ, ತಾರೀಖು ಬರೆದು ಚೀಟಿಯ ಮೇಲೆಯೇ ಸೀಲ್ ಒತ್ತಿದ್ದರೆ ಎರಡನೇ ಅಂಗಡಿಯಲ್ಲೇ ಸಿಕ್ಕಿಬೀಳುತ್ತಿತ್ತು. ಮೊದಲ ಅಂಗಡಿಯವರು ಪುಸ್ತಕದಲ್ಲಿ ಬರೆದರು, ಚೀಟಿಯ ಮೇಲೆ ಒತ್ತಲಿಲ್ಲ.

ಫಿಟ್ಸ್

ನಾಲ್ಕನೇ ತಿಂಗಳಲ್ಲಿ ನಿದ್ದೆ ಬರುವುದಿಲ್ಲ, ಕೈ ಉರಿಯುತ್ತದೆ ಎಂದು ಮನೆಯ ಹತ್ತಿರದ ಕ್ಲಿನಿಕ್‌ಗೆ ಹೋದರು. ಅಲ್ಲಿಯ ವೈದ್ಯರು ನರದ ನೋವನ್ನು ಸರಿಯಾಗಿ ಗುರುತಿಸಿ ರಾತ್ರಿ ಅಮಿಟ್ರಿಪ್ಟಿಲಿನ್ 25 ಮಿ.ಗ್ರಾಂ. ಬರೆದರು. ಬೇರೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ ಸಿಕ್ಕ ಉತ್ತರ: ‘ನೋವಿನ ಮಾತ್ರೆ.’

ಕನ್ನಡದಲ್ಲಿ ಈ ಮಾತು ಬಹಳ ಅಗಲ. ಪ್ಯಾರಸಿಟಮಾಲ್, ಡೈಕ್ಲೊಫೆನಾಕ್, ಟ್ರಮಡಾಲ್ ಮೂರೂ ನೋವಿನ ಮಾತ್ರೆಯೇ. ಟ್ರಮಡಾಲ್ ಎರಡು ದಾರಿಯಲ್ಲಿ ಕೆಲಸ ಮಾಡುತ್ತದೆ: ಒಂದು, ಮಾರ್ಫಿನ್‌ನಂತೆ ಓಪಿಯಾಯ್ಡ್ ಗ್ರಾಹಕಗಳ ಮೇಲೆ, ಇನ್ನೊಂದು, ಖಿನ್ನತೆಯ ಕೆಲವು ಮಾತ್ರೆಗಳಂತೆ ಸೆರೊಟೋನಿನ್ ಮತ್ತು ನಾರ್‌ಎಪಿನೆಫ್ರಿನ್ ಎಂಬ ಮೆದುಳಿನ ರಾಸಾಯನಿಕಗಳ ಮರುಹೀರಿಕೆಯನ್ನು ತಡೆದು. ದಿನಕ್ಕೆ 400 ಮಿ.ಗ್ರಾಂ. ಅದರ ಗರಿಷ್ಠ ಮಿತಿ. ಆ ಮಿತಿ ದಾಟಿದರೆ ಫಿಟ್ಸ್‌ನ ಅಪಾಯ ಏರುತ್ತದೆ. ಅಮಿಟ್ರಿಪ್ಟಿಲಿನ್ ಕೂಡ ಫಿಟ್ಸ್‌ನ ಹೊಸ್ತಿಲನ್ನು ತಗ್ಗಿಸುವ, ಅಂದರೆ ಫಿಟ್ಸ್ ಸುಲಭವಾಗಿ ಬರುವಂತೆ ಮಾಡುವ ಮದ್ದು, ಸೆರೊಟೋನಿನ್ ಭಾರವನ್ನೂ ಹೆಚ್ಚಿಸುತ್ತದೆ. ಎರಡೂ ಒಟ್ಟಿಗೆ ಇದ್ದವು, ಟ್ರಮಡಾಲ್ ಮಿತಿ ದಾಟಿತ್ತು, ರಾತ್ರಿ ಪಾಳಿಯ ನಿದ್ದೆಗೇಡು ಬೇರೆ.

ಒಂಬತ್ತನೇ ತಿಂಗಳ ಒಂದು ರಾತ್ರಿ ಪಾಳಿಯಲ್ಲಿ, ಸ್ಕ್ರ್ಯಾಪ್ ಡಬ್ಬಿ ಎತ್ತುತ್ತಿದ್ದಾಗ ನೆಲಕ್ಕೆ ಬಿದ್ದು ಕೈಕಾಲು ಸೆಟೆದವು. ಜೊತೆಯವರು ಕೈಗೆ ಕಬ್ಬಿಣದ ಕೀ ಹಿಡಿಸಿದರು, ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಅರ್ಧ ನಿಮಿಷ ಮೊದಲು ಅವರ ಕೈ ಡೈ ಮೇಲಿತ್ತು. ಸಿಟಿ ಸ್ಕ್ಯಾನ್, ರಕ್ತದ ಸಕ್ಕರೆ, ಸೋಡಿಯಂ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಎಲ್ಲ ಸರಿ. ಫಿಟ್ಸ್ ತಡೆಯುವ ಲೆವೆಟಿರಸೆಟಮ್ 500 ಮಿ.ಗ್ರಾಂ. ದಿನಕ್ಕೆ ಎರಡು ಬರೆದು ಮೂರನೇ ದಿನ ಮನೆಗೆ ಕಳಿಸಿದರು. ಕೇಸ್ ಶೀಟಿನಲ್ಲಿ ಮತ್ತದೇ ‘ನೋವು ನಿವಾರಕ ಸೇವನೆ’ ಎಂಬ ಒಂದು ಸಾಲು. ಮನೆಗೆ ಬಂದ ಸಂಜೆಯೇ ಟ್ರಮಡಾಲ್ ಮತ್ತೆ ಶುರುವಾಯಿತು. ಫಿಟ್ಸ್‌ಗೂ ಅದಕ್ಕೂ ನಂಟಿದೆ ಎಂದು ಅವರಿಗೆ ಹೇಳಿದವರಿಲ್ಲ.

25 ಖಾಲಿ ಸ್ಟ್ರಿಪ್

ಎರಡು ವಾರದ ನಂತರ ಬಿಗಿದ ಬೆರಳುಗಳ ಫಿಸಿಯೋಥೆರಪಿಗೆಂದು ಅವರು ಬೇರೊಂದು ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗಕ್ಕೆ ಬಂದರು. ವ್ಯಾಯಾಮದ ಮಧ್ಯೆ ಆಕಳಿಕೆ, ಮೂಗಿನಲ್ಲಿ ನೀರು, ತೋಳಿನ ಮೇಲೆ ರೋಮಾಂಚ ಕಂಡ ಫಿಸಿಯೋಥೆರಪಿಸ್ಟ್, ಊಟಕ್ಕೆ ಮುಂಚೆ ಮಾತ್ರೆ ನುಂಗಿದ ಮೇಲೆ ಅರ್ಧ ಗಂಟೆಯಲ್ಲಿ ಅದೆಲ್ಲ ಹೋದದ್ದನ್ನೂ ಕಂಡರು. ಅದನ್ನು ಬರೆದಿಟ್ಟು ನರ್ಸ್‌ಗೆ ಹೇಳಿದರು. ನರ್ಸ್ ಚೀಟಿ ಕೇಳಲಿಲ್ಲ. ‘ಮನೆಯಲ್ಲಿರೋ ಖಾಲಿ ಸ್ಟ್ರಿಪ್ ಎಲ್ಲಾ ಒಂದು ಕವರ್‌ನಲ್ಲಿ ಹಾಕ್ಕೊಂಡು ಬನ್ನಿ’ ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿದರು.

ಅಟ್ಟದ ಮೇಲಿನಿಂದ 25 ಖಾಲಿ ಸ್ಟ್ರಿಪ್ ಬಂದವು, ಮೂರು ಬೇರೆ ಬೇರೆ ಬ್ರ್ಯಾಂಡ್. ಆ ಬಾಡಿಗೆ ಮನೆಗೆ ಅವರು ಬಂದು 21 ದಿನವಾಗಿತ್ತು. 250 ಕ್ಯಾಪ್ಸೂಲ್, 21 ದಿನ, ಅಂದರೆ ದಿನಕ್ಕೆ ಸುಮಾರು 12, ಅಂದರೆ 600 ಮಿ.ಗ್ರಾಂ. ಅವರು ಬಾಯಲ್ಲಿ ಹೇಳಿದ್ದು ನಾಲ್ಕೈದು. ಸುಳ್ಳು ಹೇಳಬೇಕೆಂದಿರಲಿಲ್ಲ, ಎಣಿಸುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಇಲ್ಲಿ ಲೆಕ್ಕದ ಒಂದು ಬಲೆಯೂ ಇದೆ. ಮಾರ್ಗಸೂಚಿಗಳು ಎಲ್ಲ ಓಪಿಯಾಯ್ಡ್‌ಗಳನ್ನೂ ಮಾರ್ಫಿನ್‌ಗೆ ಸಮನಾದ ಮಿಲಿಗ್ರಾಂಗೆ ಇಳಿಸಿ ಹೋಲಿಸುತ್ತವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 2016ರಲ್ಲಿ ಟ್ರಮಡಾಲ್‌ಗೆ ಇಟ್ಟ ಗುಣಕ 0.1, 2022ರಲ್ಲಿ ಅದನ್ನು 0.2 ಮಾಡಿತು. ಎಚ್ಚರಿಕೆಯ ಗೆರೆ ದಿನಕ್ಕೆ 50. ಪೂರ್ಣ ಮಿತಿಯಾದ 400 ಮಿ.ಗ್ರಾಂ. ಟ್ರಮಡಾಲ್ ಹಳೆಯ ಗುಣಕದಲ್ಲಿ 40 ಆಗಿ ಗೆರೆಯ ಕೆಳಗೆ ಉಳಿಯುತ್ತದೆ, ಹೊಸದರಲ್ಲಿ 80 ಆಗಿ ಮೇಲೇರುತ್ತದೆ. ಈ ಆಪರೇಟರ್‌ನ 600 ಹೊಸ ಲೆಕ್ಕದಲ್ಲಿ 120. ಯಾವ ಗುಣಕ ಹಿಡಿದರೂ ಫಿಟ್ಸ್‌ನ ಅಪಾಯ ಅದರಲ್ಲಿ ಕಾಣುವುದಿಲ್ಲ, ಏಕೆಂದರೆ ಅದು ಮಾರ್ಫಿನ್ ದಾರಿಯಿಂದಷ್ಟೇ ಬರುವ ಅಪಾಯ ಅಲ್ಲ. ಟ್ರಮಡಾಲನ್ನು ‘ಸಾಧು’ ಮದ್ದು ಎಂದು ಕರೆಯುವುದನ್ನು ಬಿಡಬೇಕು. ಮೂತ್ರ ಪರೀಕ್ಷೆಯನ್ನು ನಂಬುವವರಿಗೆ ಇನ್ನೊಂದು ಮಾತು: ಅಫೀಮು, ಮಾರ್ಫಿನ್ ಹಿಡಿಯುವ ಮಾಮೂಲಿ ಪಟ್ಟಿಗೆ ಟ್ರಮಡಾಲ್ ಸಿಗುವುದಿಲ್ಲ, ಅದಕ್ಕೆಂದೇ ಇರುವ ಪಟ್ಟಿ ಬೇಕು.

ಮೊದಲ ಪ್ರಯತ್ನ ಸೋತಿತು

ವಿಷಯ ಮನೆಯಲ್ಲಿ ಗೊತ್ತಾದ ರಾತ್ರಿ ಅಣ್ಣ ಉಳಿದ ಕ್ಯಾಪ್ಸೂಲ್‌ಗಳನ್ನೆಲ್ಲ ಚರಂಡಿಗೆ ಸುರಿದರು. ಹೆಂಡತಿಗೆ ನಂಬಿಕೆಯೇ ಬರಲಿಲ್ಲ: ‘ಇವ್ರು ಕುಡಿಯಂಗಿಲ್ರಿ, ಬೀಡಿ ಸೇದಂಗಿಲ್ರಿ, ಚಟ ಅಂತ ಹೆಂಗ ಅಂತೀರಿ?’ ಕುಡಿಯದ ಮನುಷ್ಯನಿಗೆ ಚಟ ಅಂಟುವುದಿಲ್ಲ ಎಂಬ ನಂಬಿಕೆ ಈ ಮನೆಯಲ್ಲಿ ಒಂಬತ್ತು ತಿಂಗಳು ಕಣ್ಣಿಗೆ ಪೊರೆ ಕಟ್ಟಿತ್ತು.

ಎರಡನೇ ದಿನಕ್ಕೆ ಭೇದಿ, ಮೈ ನಡುಕ, ಕಾಲು ಒಂದು ಕಡೆ ನಿಲ್ಲದ ಚಡಪಡಿಕೆ. ಅದರ ಜೊತೆಗೆ ತಲೆಯೊಳಗೆ ಕರೆಂಟ್ ಹರಿದಂತೆ, ಕಾರಣವಿಲ್ಲದ ಭಯ. ಟ್ರಮಡಾಲ್ ಬಿಟ್ಟಾಗ ಓಪಿಯಾಯ್ಡ್ ಬಿಟ್ಟ ಲಕ್ಷಣಗಳ ಜೊತೆ ಇವೂ ಬರಬಹುದು. ಗೊತ್ತಿಲ್ಲದವರು ಇದನ್ನು ಮಾನಸಿಕ ಕಾಯಿಲೆ ಎಂದುಕೊಳ್ಳುತ್ತಾರೆ. ಬೆರಳಿನ ನೋವು ಹತ್ತಕ್ಕೆ ಹತ್ತು. ಇದನ್ನೇ ಅವರು ‘ನೋಡ್ರಿ, ಗುಳಿಗಿ ಇಲ್ಲಾಂದ್ರ ಕೈ ಹಿಂಗಾಗತೈತಿ’ ಎಂದು ತೋರಿಸಿದರು. ನಿಜವಾಗಿ ಅದು ಬಹುಪಾಲು ಮಾತ್ರೆ ಇಳಿದ ನೋವು. ಪ್ರತಿ ಡೋಸ್‌ನ ನಡುವೆ ದಿನವೂ ಸಣ್ಣ ಪ್ರಮಾಣದಲ್ಲಿ ಆಗುತ್ತಿದ್ದದ್ದೂ ಇದೇ. ಇದನ್ನು ರೋಗಿಗೆ ಬಿಡಿಸಿ ಹೇಳದೆ ಮುಂದೆ ಹೋಗಬಾರದು. ಹೇಳದಿದ್ದರೆ ಪ್ರತಿ ಸಲ ಡೋಸ್ ಇಳಿಸಿದಾಗಲೂ ಗಾಯ ಕೆಟ್ಟಿತು ಎಂದೇ ಅವರಿಗೆ ಅನಿಸುತ್ತದೆ.

ಅವರನ್ನು ದಾಖಲು ಮಾಡಿಕೊಂಡು, ಮನೋವೈದ್ಯರ ಜೊತೆ ಕೂತು ಎರಡು ದಾರಿ ತೂಗಿ ನೋಡಲಾಯಿತು. ಒಂದು, ಓಪಿಯಾಯ್ಡ್ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್‌ಗೆ ಬದಲಿಸುವುದು. ಫಿಟ್ಸ್ ಆಗಿರುವ ಮನುಷ್ಯನಿಗೆ ಇದು ಬಲವಾದ ಆಯ್ಕೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವೂ ಇದೆ. ಇನ್ನೊಂದು, ಮಿತಿಯೊಳಗಿನ ಟ್ರಮಡಾಲನ್ನೇ ಕೊಟ್ಟು ಮೆಲ್ಲಗೆ ಇಳಿಸುವುದು. ಆಪರೇಟರ್ ಮೊದಲನೆಯದನ್ನು ಒಪ್ಪಲಿಲ್ಲ. ನಶೆ ಬಿಡಿಸುವ ಆಸ್ಪತ್ರೆಗೆ ಹೋದೆ ಎಂದು ಕಾಂಟ್ರಾಕ್ಟರ್‌ಗೆ ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯ. ಆ ಭಯ ಸುಳ್ಳಾಗಿರಲಿಲ್ಲ. ಎರಡನೆಯದನ್ನು ಮೂರು ಷರತ್ತಿನ ಮೇಲೆ ಒಪ್ಪಲಾಯಿತು: ಲೆವೆಟಿರಸೆಟಮ್ ನಿಲ್ಲಿಸುವಂತಿಲ್ಲ, ಪ್ರೆಸ್ ಮತ್ತು ಬೈಕ್ ಮುಟ್ಟುವಂತಿಲ್ಲ, ಇನ್ನೊಂದು ಫಿಟ್ಸ್ ಬಂದರೆ ಅಂದೇ ಬ್ಯುಪ್ರೆನಾರ್ಫಿನ್. ಇದನ್ನು ಬೇರೆ ತಂಡ ಬೇರೆಯಾಗಿ ತೀರ್ಮಾನಿಸಿದ್ದರೆ ತಪ್ಪೆನ್ನಲಾಗದು. ಅಮಿಟ್ರಿಪ್ಟಿಲಿನ್ ಅಂದೇ ನಿಂತಿತು. ನರದ ನೋವಿಗೆ ಸಾಮಾನ್ಯವಾಗಿ ಕೊಡುವ ಡ್ಯುಲೊಕ್ಸೆಟಿನ್ ಕೂಡ ಬೇಡವೆಂದಾಯಿತು: ಟ್ರಮಡಾಲ್ ಜೊತೆ ಅದೂ ಸೆರೊಟೋನಿನ್ ಭಾರ ಏರಿಸುತ್ತದೆ, ಮೇಲಾಗಿ ಟ್ರಮಡಾಲನ್ನು ಪಚಿಸುವ ಯಕೃತ್ತಿನ ಸಿವೈಪಿ2ಡಿ6 ಕಿಣ್ವವನ್ನು ತಡೆಯುತ್ತದೆ. ಅವುಗಳ ಬದಲು ನರದ ನೋವಿನ ಇನ್ನೊಂದು ಮದ್ದಾದ ಗಾಬಾಪೆಂಟಿನ್ ರಾತ್ರಿ 300 ಮಿ.ಗ್ರಾಂ.ನಿಂದ ಶುರುಮಾಡಿ, ಮೂರು ವಾರದಲ್ಲಿ ದಿನಕ್ಕೆ 900ಕ್ಕೆ ಏರಿಸಲಾಯಿತು. ಓಪಿಯಾಯ್ಡ್ ಜೊತೆ ಅದು ಮಂಪರು ಹೆಚ್ಚಿಸುತ್ತದೆ, ಉಸಿರಾಟ ತಗ್ಗಿಸಬಹುದು. ಅದಕ್ಕೇ ಅಷ್ಟು ನಿಧಾನ.

24 ವಾರದ ಇಳಿತ

ಮರಳಿ ಶುರುವಾದದ್ದು 600ರಿಂದಲ್ಲ, 400ರಿಂದ: ಆರು ಗಂಟೆಗೊಮ್ಮೆ ಎರಡು ಕ್ಯಾಪ್ಸೂಲ್, ಗಡಿಯಾರ ನೋಡಿ, ನೋವು ನೋಡಿ ಅಲ್ಲ. ಎರಡು ವಾರಕ್ಕೊಮ್ಮೆ ಒಂದು ಕ್ಯಾಪ್ಸೂಲ್ ಕಡಿಮೆ. ಮೊದಲು ಮಧ್ಯಾಹ್ನದ್ದು, ಕೊನೆಗೆ ರಾತ್ರಿಯದ್ದು. ಹತ್ತನೇ ವಾರದ ಕೊನೆಗೆ 200 ಮುಗಿದು, 11ನೇ ವಾರ 150ಕ್ಕೆ ಬಂದರು.

ಇಲ್ಲಿಂದ ಕೆಳಗೆ ಕ್ಯಾಪ್ಸೂಲ್ ಕೈ ಕೊಡುತ್ತದೆ. ಎಂಟರಲ್ಲಿ ಒಂದು ತೆಗೆದರೆ ಎಂಟನೇ ಒಂದು ಭಾಗ ಇಳಿಯುತ್ತದೆ. ಎರಡರಲ್ಲಿ ಒಂದು ತೆಗೆದರೆ ಅರ್ಧಕ್ಕರ್ಧ. ಕ್ಯಾಪ್ಸೂಲನ್ನು ಮುರಿಯಲೂ ಆಗದು. ಬಹಳ ಕಡೆ ಇಳಿತ ಕುಸಿಯುವುದು ಈ ಕೊನೆಯ ಮೆಟ್ಟಿಲಲ್ಲೇ, ‘ಇಷ್ಟು ಕಡಿಮೆ ಡೋಸ್, ಇನ್ನೇನು ನಿಲ್ಲಿಸಿ’ ಎಂದಾಗ. ಹಾಗಾಗಿ 150ರಲ್ಲಿ ಟ್ರಮಡಾಲ್ 37.5 ಮತ್ತು ಪ್ಯಾರಸಿಟಮಾಲ್ 325 ಮಿ.ಗ್ರಾಂ. ಸೇರಿದ ಮಾತ್ರೆಗೆ ಬದಲಿಸಲಾಯಿತು, ದಿನಕ್ಕೆ ನಾಲ್ಕು. ಹೀಗೆ ಬದಲಿಸುವಾಗ ತಪ್ಪಿಹೋಗುವ ಲೆಕ್ಕವೊಂದಿದೆ. ಅವರು ಮೊದಲೇ ಪ್ಯಾರಸಿಟಮಾಲ್ 650 ದಿನಕ್ಕೆ ಮೂರು, ಒಟ್ಟು 1,950 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದರು. ಹೊಸ ಮಾತ್ರೆಗಳಲ್ಲಿ 1,300 ಬಂದದ್ದರಿಂದ 650ರ ಮಾತ್ರೆ ಒಂದಕ್ಕೆ ಇಳಿಯಿತು, ಒಟ್ಟು ಮೊತ್ತ ಹಾಗೇ ಉಳಿಯಿತು. ಆಮೇಲೆ ದಿನಕ್ಕೆ ಮೂರು, ಎರಡು, ಒಂದು, ಕೊನೆಯ ಎರಡು ವಾರ ಅರ್ಧ. ದಿನ ಬಿಟ್ಟು ದಿನ ಕೊಡುವ ಪದ್ಧತಿ ಬೇಡವೆಂದು ಮೊದಲೇ ತೀರ್ಮಾನವಾಗಿತ್ತು. ಮಾತ್ರೆ ಇಲ್ಲದ ದಿನ ಪೂರ್ತಿ ಬಿಟ್ಟ ಲಕ್ಷಣ ಬಂದು, ಇರುವ ದಿನ ಮತ್ತೆ ಆಸೆ ಹುಟ್ಟುತ್ತದೆ.

ಮದ್ದು ಒಂದೇ ಅಂಗಡಿಯಿಂದ, ವಾರಕ್ಕೊಮ್ಮೆ, ಸೋಮವಾರ. ಹಿಂದಿನ ವಾರದ ಖಾಲಿ ಸ್ಟ್ರಿಪ್ ಕೊಟ್ಟರೆ ಮಾತ್ರ ಹೊಸದು. ಮೊದಲು ಬೀರುವಿನ ಕೀ ಹೆಂಡತಿಯ ಕೈಯಲ್ಲಿತ್ತು. ಕೇಳಲು ಸರಳವಾದ ಈ ವ್ಯವಸ್ಥೆ ಎಂಟನೇ ವಾರಕ್ಕೆ ಮನೆ ಮುರಿಯುವಷ್ಟಾಯಿತು. ಆಕೆ ದಿನಕ್ಕೆ ನಾಲ್ಕು ಸಲ ಗಂಡನ ಮೇಲೆ ಪೊಲೀಸ್ ಕೆಲಸ ಮಾಡಬೇಕಿತ್ತು. ತಂಡ ತನ್ನ ತಪ್ಪನ್ನು ಒಪ್ಪಿಕೊಂಡು, ಫಾರ್ಮಸಿಸ್ಟ್ ಮೂರು ದಿನಕ್ಕೊಮ್ಮೆ ಹೊತ್ತಿನ ಪ್ರಕಾರ ಸಣ್ಣ ಕವರ್‌ಗಳಲ್ಲಿ ಕೊಡುವಂತೆ ಮಾಡಿತು. ಹೆಂಡತಿಯನ್ನು ಕಾವಲಿಗೆ ನಿಲ್ಲಿಸುವ ಮೊದಲು ಆಕೆಯನ್ನೇ ಕೇಳಬೇಕಿತ್ತು.

ಒಂಬತ್ತನೇ ವಾರ ಆಯುಧ ಪೂಜೆ. ವರ್ಕ್‌ಶಾಪಿಗೆ ಪೂಜೆಗೆಂದು ಹೋದರು, ಹೂವು ಕುಂಕುಮ ಹಚ್ಚಿದ ಅದೇ ಪ್ರೆಸ್‌ನ ಮುಂದೆ ನಿಂತರು, ಬರುವಾಗ ಹೊಸದೊಂದು ಅಂಗಡಿಯಲ್ಲಿ ಒಂದು ಸ್ಟ್ರಿಪ್ ಕೊಂಡರು. ಮರುದಿನ ತಾವೇ ಬಂದು ಹೇಳಿದರು, ಉಳಿದ ಆರು ಕ್ಯಾಪ್ಸೂಲ್ ಮೇಜಿನ ಮೇಲಿಟ್ಟರು. ಬೈಯಲಿಲ್ಲ, ಚಿಕಿತ್ಸೆಯಿಂದ ತೆಗೆಯಲಿಲ್ಲ, ಡೋಸ್ ಏರಿಸಲೂ ಇಲ್ಲ. ಅಂದಿದ್ದ ಮೆಟ್ಟಿಲಲ್ಲೇ ಮುಂದುವರಿದರು. ಶಿಕ್ಷೆ ಸಿಕ್ಕಿದ್ದರೆ ಮುಂದಿನ ಸಲ ಅವರು ಹೇಳುತ್ತಿರಲಿಲ್ಲ. ಹೇಳದ ನಾಲ್ಕು ಕ್ಯಾಪ್ಸೂಲ್ ಹೇಳಿದ ನಾಲ್ಕಕ್ಕಿಂತ ಎಷ್ಟೋ ಅಪಾಯ.

ನೋವಿನ ಮೂಲ

ಇಳಿತದ ಜೊತೆಗೇ ನಡೆಯಬೇಕಿದ್ದ ಮುಖ್ಯ ಕೆಲಸ, ಬೆರಳು ಯಾಕೆ ನೋಯುತ್ತದೆ ಎಂದು ಕಂಡುಹಿಡಿಯುವುದು. ನರದ ನೋವು ಅಳೆಯುವ ಡಿಎನ್4 ಪ್ರಶ್ನಾವಳಿಯಲ್ಲಿ ಹತ್ತಕ್ಕೆ 4 ಬಂದರೆ ನರದ ನೋವು ಎಂದು ಲೆಕ್ಕ. ಇವರಿಗೆ 7. ತೋರುಬೆರಳಿನ ಮೊಂಡಿನ ಹೆಬ್ಬೆರಳ ಕಡೆಯ ಒಂದು ಬಿಂದುವನ್ನು ಪೆನ್ನಿನ ತುದಿಯಿಂದ ತಟ್ಟಿದರೆ ಕರೆಂಟ್ ಹೊಡೆಯುತ್ತಿತ್ತು. ಅಲ್ಲಿಗೆ ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ 1 ಮಿ.ಲೀ. ಚುಚ್ಚಿದ ಐದು ನಿಮಿಷದಲ್ಲಿ ನೋವು 8ರಿಂದ 1ಕ್ಕೆ ಇಳಿಯಿತು. ಕತ್ತರಿಸಿದ ನರದ ತುದಿ ಗಂಟುಕಟ್ಟಿದೆ, ಅಂದರೆ ನ್ಯೂರೋಮಾ. ಒಂಬತ್ತು ತಿಂಗಳಲ್ಲಿ ಎರಡೂವರೆ ಸಾವಿರ ಕ್ಯಾಪ್ಸೂಲ್ ಮೀರಿ ಹೋಗಿತ್ತು. ಮೂಲವನ್ನು ಹೇಳಿದ್ದು ಒಂದು ಮಿಲಿಲೀಟರ್.

ಆ ಐದು ನಿಮಿಷ ಆಪರೇಟರ್‌ನ ಮನಸ್ಸನ್ನೂ ತಿರುಗಿಸಿತು. ನೋವು ಜೀವಮಾನದ್ದು ಎಂದುಕೊಂಡಿದ್ದವರಿಗೆ ಅದಕ್ಕೊಂದು ಜಾಗ ಇದೆ ಎಂದು ಕಂಡಿತು.

13ನೇ ವಾರ ಗಂಟು ತೆಗೆದು, ನರದ ತುದಿಯನ್ನು ಒತ್ತಡ ಬೀಳದ ಸ್ನಾಯುವಿನೊಳಗೆ ಹೂಳಲಾಯಿತು. ಇಳಿತದ ನಡುವೆ ಶಸ್ತ್ರಚಿಕಿತ್ಸೆ ಎಂದರೆ ಎಲ್ಲರ ಕೈ ಟ್ರಮಡಾಲ್ ಏರಿಸುವತ್ತ ಹೋಗುತ್ತದೆ. ಆದ್ದರಿಂದ ಯೋಜನೆ ಮೊದಲೇ ಕಾಗದದ ಮೇಲಿತ್ತು: ಕಂಕುಳಲ್ಲಿ ನರ ಮರಗಟ್ಟಿಸುವ ಬ್ಲಾಕ್, ಮೂತ್ರಪಿಂಡದ ಪರೀಕ್ಷೆ ಸರಿಯಿದ್ದುದರಿಂದ ಐಬುಪ್ರೊಫೆನ್ 400 ಮಿ.ಗ್ರಾಂ. ದಿನಕ್ಕೆ ಮೂರು, 5 ದಿನ, ಹೊಟ್ಟೆಗೆ ಪ್ಯಾಂಟೊಪ್ರಜೋಲ್. ಪ್ಯಾರಸಿಟಮಾಲ್ ಹಾಗೇ. ಟ್ರಮಡಾಲ್ 150ರಲ್ಲೇ 16ನೇ ವಾರದ ಕೊನೆಯವರೆಗೆ ನಿಲ್ಲುತ್ತದೆ, ಏರುವುದಿಲ್ಲ, ಇಳಿಯುವುದಿಲ್ಲ. ಅರಿವಳಿಕೆ ತಂಡ, ವಾರ್ಡ್ ನರ್ಸ್, ರೋಗಿ ಮೂವರ ಬಳಿಯೂ ಆ ಕಾಗದದ ಪ್ರತಿ ಇತ್ತು. ರಾತ್ರಿ ಪಾಳಿಯ ವೈದ್ಯರೊಬ್ಬರು ಟ್ರಮಡಾಲ್ ಇಂಜೆಕ್ಷನ್ ಬರೆದಾಗ ಅದನ್ನು ತಡೆದದ್ದು ನರ್ಸ್‌ನ ಕೈಯಲ್ಲಿದ್ದ ಪ್ರತಿ.

ಹೊಲಿಗೆ ಬಿಚ್ಚಿದ ಮೇಲೆ ಮೊಂಡಿನ ಸೂಕ್ಷ್ಮತೆ ಕಳೆಯುವ ಅಭ್ಯಾಸ: ಹತ್ತಿ, ಟವೆಲ್, ರಾಗಿ, ಅಕ್ಕಿ, ಕೊನೆಗೆ ಸಣ್ಣ ಜಲ್ಲಿ, ಹೀಗೆ ಒಂದೊಂದು ಡಬ್ಬಿಯಲ್ಲಿ ಬೆರಳಾಡಿಸುವುದು, ಹತ್ತು ನಿಮಿಷ, ದಿನಕ್ಕೆ ನಾಲ್ಕು ಸಲ. ರಾಗಿಯಿಂದ ಅಕ್ಕಿಗೆ ದಾಟಲು ಹನ್ನೊಂದು ದಿನ ಹಿಡಿಯಿತು.

ಕೆಲಸ ಮತ್ತು ಫಲಿತಾಂಶ

ಮಾರ್ಗಸೂಚಿ ಕೇಳುವ ‘ಕೆಲಸದ ಸಾಮರ್ಥ್ಯ’ವನ್ನು ಎರಡು ಅಳತೆಯಲ್ಲಿ ಹಿಡಿಯಲಾಗಿತ್ತು. ನೋವು, ಬದುಕಿನ ಖುಷಿಗೆ ಅಡ್ಡಿ, ದಿನಚರಿಗೆ ಅಡ್ಡಿ ಎಂಬ ಮೂರು ಪ್ರಶ್ನೆಯ ಪಿಇಜಿ ಅಂಕ ಮೊದಲ ದಿನ 30ಕ್ಕೆ 25. ಎಡಗೈ ಹಿಡಿತದ ಬಲ 9 ಕೆ.ಜಿ., ಬಲಗೈಯದ್ದು 38. ದಿನಕ್ಕೆ 12 ಕ್ಯಾಪ್ಸೂಲ್ ನುಂಗುತ್ತಿದ್ದಾಗಿನ ಹಿಡಿತ ಅದು. 25ನೇ ವಾರ, ಟ್ರಮಡಾಲ್ ಸೊನ್ನೆಯಾದಾಗ, ಪಿಇಜಿ 13, ಹಿಡಿತ 18. ಮತ್ತೆ ಆರು ತಿಂಗಳ ಮೇಲೆ 11 ಮತ್ತು 21. ಟ್ರಮಡಾಲ್ ಮತ್ತೆ ಶುರುವಾಗಿರಲಿಲ್ಲ. ನರರೋಗ ತಜ್ಞರು ಇಇಜಿ ನೋಡಿ ಲೆವೆಟಿರಸೆಟಮನ್ನು ಹಂತಹಂತವಾಗಿ ನಿಲ್ಲಿಸಿದ್ದರು. ಡಿಸೆಂಬರ್ ಜನವರಿಯ ಬೆಳಗಿನ ಚಳಿಗೆ ಮೊಂಡು ಇನ್ನೂ ಜುಮ್ಮೆನ್ನುತ್ತದೆ, ಬೆಚ್ಚನೆಯ ನೀರು ಮತ್ತು ಸಿಲಿಕೋನ್ ತೊಡುಗೆ ಬೇಕು.

ಕಾರ್ಖಾನೆಗೆ ಕೊಟ್ಟ ಪತ್ರದಲ್ಲಿ ಕಾಯಿಲೆಯ ಹೆಸರಾಗಲಿ ಮಾತ್ರೆಯ ಹೆಸರಾಗಲಿ ಇರಲಿಲ್ಲ. ಚಲಿಸುವ ಯಂತ್ರ, ಎತ್ತರದ ಕೆಲಸ, ವಾಹನ ಚಾಲನೆ, ರಾತ್ರಿ ಪಾಳಿ ಬೇಡ. ಕುಳಿತು ಮಾಡುವ ಕೆಲಸ, ಮೊದಲು ದಿನಕ್ಕೆ 4 ಗಂಟೆ ಎಂದಷ್ಟೇ ಇತ್ತು. ಕೆಲಸಗಾರ ಏನು ಮಾಡಬಹುದು, ಮಾಡಬಾರದು ಎಂಬುದು ಮಾಲೀಕನಿಗೆ ಬೇಕಾದ ಮಾಹಿತಿ. ಉಳಿದದ್ದು ರೋಗಿಯದು. ಕಾಂಟ್ರಾಕ್ಟರ್ ತೆಗೆದುಹಾಕಲು ನೋಡಿದಾಗ ಸುರಕ್ಷತಾ ಅಧಿಕಾರಿ ಆ ಪತ್ರ ಹಿಡಿದು ಇನ್‌ಸ್ಪೆಕ್ಷನ್ ಬೆಂಚ್‌ನಲ್ಲಿ, ಬಿಡಿಭಾಗದ ಅಳತೆ ಸರಿಯಿದೆಯೇ ಎಂದು ಗೋ-ನೋಗೋ ಗೇಜ್ ಹಾಕಿ ನೋಡುವ ಕೆಲಸ ಕೊಡಿಸಿದರು. ಬೈಪಾಸ್ ಮಾಡಿದ್ದ ಬಟನ್ ಮತ್ತೆ ಜೋಡಣೆಯಾಯಿತು.

ದುಡ್ಡಿನ ಲೆಕ್ಕ ಪೂರ್ತಿ ಹೊಂದಲಿಲ್ಲ. ಕಾಯಂ ಅಶಕ್ತತೆಯ ಪಟ್ಟಿಯಲ್ಲಿ ತೋರುಬೆರಳಿನ ಒಂದು ಗೆಣ್ಣಿಗೆ ಶೇ 9, ನಡುಬೆರಳಿನ ಒಂದು ಗೆಣ್ಣಿಗೆ ಶೇ 7. ಪಟ್ಟಿ ಮೂಳೆಯನ್ನು ಎಣಿಸುತ್ತದೆ. ನರದ ಗಂಟು, ಒಂಬತ್ತು ತಿಂಗಳ ಮಾತ್ರೆ, ಹೋದ ಓಟಿ ಅದರಲ್ಲಿಲ್ಲ. ಅಪಘಾತ ವರದಿ ಮೊದಲ ದಿನವೇ ಹೋಗಿ, ಭತ್ಯೆ ಎರಡನೇ ವಾರಕ್ಕೆ ಬಂದಿದ್ದರೆ 16ನೇ ದಿನ ಆ ಕೈ ಪ್ರೆಸ್‌ಗೆ ಮರಳಬೇಕಿರಲಿಲ್ಲ, ಶಿಫ್ಟ್ ಮುಗಿಸಲು ಟ್ರಮಡಾಲ್ ಬೇಕಿರಲಿಲ್ಲ. ಮದ್ದು ಬರೆಯುವವರು ವರದಿ ಹೋಗಿದೆಯೇ ಎಂದು ಕೇಳುವುದೂ ಚಿಕಿತ್ಸೆಯ ಭಾಗವೇ.

ಚೀಟಿ ಹೇಗಿರಬೇಕಿತ್ತು

ಇಂಥ ಗಾಯಕ್ಕೆ ಮೊದಲ ದಿನಗಳಲ್ಲಿ ಟ್ರಮಡಾಲ್ ಕೊಟ್ಟದ್ದು ತಪ್ಪಲ್ಲ. ತುದಿ ಜಜ್ಜಿದ ಬೆರಳಿನ ನೋವು ಸಣ್ಣದಲ್ಲ, ಅದನ್ನು ಕಾರ್ಮಿಕ ಹಲ್ಲು ಕಚ್ಚಿ ಸಹಿಸಲಿ ಎನ್ನುವುದು ಕ್ರೌರ್ಯ. ಸಿಡಿಸಿಯ 2016ರ ಮಾತು ಇಲ್ಲಿ ಬಳಕೆಗೆ ಬರುತ್ತದೆ: ತೀವ್ರ ನೋವಿಗೆ ಬಹಳ ಸಲ ಮೂರು ದಿನ ಸಾಕು, ಏಳು ದಿನ ಮೀರುವುದು ಅಪರೂಪ. ನೋವು ಚಿಕಿತ್ಸಾ ತಂಡ ಈ ಪ್ರಕರಣದ ನಂತರ ಬಳಸುತ್ತಿರುವ ಚೀಟಿ ಹೀಗಿದೆ. ಪ್ಯಾರಸಿಟಮಾಲ್, ಬೇಕಿದ್ದರೆ ಐಬುಪ್ರೊಫೆನ್, ಗಂಟೆ ಪ್ರಕಾರ, ಮೊದಲ ಸಾಲಿನಲ್ಲಿ. ಕೆಳಗೆ: ‘ಟ್ರಮಡಾಲ್ 50 ಮಿ.ಗ್ರಾಂ., ಮೇಲಿನ ಮಾತ್ರೆ ತೆಗೆದುಕೊಂಡು ಒಂದು ಗಂಟೆಯಾದರೂ ನಿದ್ದೆಗೆಡಿಸುವ ನೋವಿದ್ದರೆ ಮಾತ್ರ ಒಂದು, ದಿನಕ್ಕೆ ಮೂರಕ್ಕಿಂತ ಹೆಚ್ಚಿಲ್ಲ. ಒಟ್ಟು 9, ಅಕ್ಷರದಲ್ಲಿ ಒಂಬತ್ತು. ಈ ಚೀಟಿಗೆ ಮತ್ತೆ ಕೊಡಬಾರದು.’ ಅದರ ಪಕ್ಕ ಫಾರ್ಮಸಿಸ್ಟ್ ಸೀಲ್ ಒತ್ತಲು ಖಾಲಿ ಚೌಕ. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಎರಡು ಸಾಲು: ಫಿಟ್ಸ್ ಬಂದಿದ್ದರೆ, ನಿದ್ದೆಗೆ ಅಥವಾ ಮನಸ್ಸಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈಗಲೇ ಹೇಳಿ, ಇದನ್ನು ನುಂಗಿದ ದಿನ ಯಂತ್ರ, ಬೈಕ್ ಬೇಡ.

ಕೊನೆಯ ಸಾಲಿನಲ್ಲಿ ಆರನೇ ವಾರದ ಭೇಟಿಯ ತಾರೀಖು, ಗಂಟೆ. ಅದಕ್ಕೆಂದೇ ವಿಭಾಗ ಈಗ ತಿಂಗಳ ಮೊದಲ ಮತ್ತು ಮೂರನೇ ಭಾನುವಾರ ಬೆಳಗ್ಗೆ ತೆರೆದಿರುತ್ತದೆ.